ಕೋಡಿಗೆ ಬಂದು ಕೂತ ಗಂಗಮ್ಮ

ನೀವು ನಂಬುವುದಿಲ್ಲ, ಬೇಕಾದರೆ ಬಾಜಿ ಕಟ್ಟಿ! ಮೊನ್ನೆ ನಾನು ಮೂರು ಕಲ್ಲಿನಿಂದ ಜೆಸಿಬಿ ನಿಲ್ಲಿಸಿದೆ.

ನಮ್ಮೂರ ಕೆರೆಗೆ ವಾಕಿಂಗ್ ಪಾತ್ ಮಾಡುವ ನೆಪದಲ್ಲಿ, ತುಂಬಿದ ನೀರು ಹೊರಹೋಗುವ ಕೋಡಿಗೇ ಮಣ್ಣು ಸುರಿಯಲು ಹೊರಟಿದ್ದರು. ಅದು ಮುಚ್ಚಿದರೆ ಮಳೆಗಾಲದಲ್ಲಿ ನಮ್ಮ ಕೇರಿಯೇ ಕೆರೆ. ಬೆಳಿಗ್ಗೆಯೇ ಹೋಗಿ ಕೋಡಿಯಲ್ಲಿ ಕಲ್ಲು ನಿಲ್ಲಿಸಿ, ಅರಿಶಿನ ಕುಂಕುಮ ಬಳಿದು, ಹೆಂಡತಿಯ ಹೊಸ ರವಿಕೆ ಕಣ ಹೊದಿಸಿದೆ. ಸಿಂಗಟಗೆರೆಯ ಜೆಸಿಬಿ ಡ್ರೈವರ್ ಅದನ್ನು ಕಂಡವನೇ ಇಂಜಿನ್ ಆರಿಸಿ ಕೈಮುಗಿದ.

“ಏನಜ್ಜಾ ಇದು ನಾಟ್ಕ?” ಎಂದರು ಕೆಲಸ ಮಾಡಿಸುತ್ತಿದ್ದ ಎಂಜಿನಿಯರ್.

“ಗಂಗಮ್ಮ ಕಣಪ್ಪಾ. ಅವ್ಳ ದಾರಿ ಮುಚ್ಚಿದ್ರೆ ಸೀದಾ ನಮ್ಮನೆ ಒಳಕ್ಕೇ ಬತ್ತಾಳೆ!”

ಕೋಡಿ ಹಾಗೇ ಬಿಟ್ಟು, ಮೇಲೊಂದು ಕಿರುಸೇತುವೆ ಹಾಕಲು ಅವರು ಒಪ್ಪಿದರು.

ಇಷ್ಟು ಹೇಳಿದ್ದರಲ್ಲಿ ಸುಳ್ಳು ಒಂದೇ: ಅವರು ಒಪ್ಪಿಲ್ಲ, “ನೋಡೋಣ” ಎಂದಿದ್ದಾರೆ. ಅದಕ್ಕೇ ದಿನವೂ ಬುತ್ತಿ ಕಟ್ಟಿಕೊಂಡು ಹೋಗಿ ಕೋಡಿಯಲ್ಲೇ ಕೂರುತ್ತಿದ್ದೇನೆ. ಮಣ್ಣು ಸುರಿಯುವುದಾದರೆ ನನ್ನ ಮೇಲೇ ಸುರಿಯಲಿ.