ಎರಡು ಶನಿವಾರ

ನಮ್ಮ ಮಗಳು ಸರಕು ಹಡಗಿನಲ್ಲಿ ಥರ್ಡ್ ಆಫೀಸರ್. ದಾವಣಗೆರೆಯಲ್ಲಿರುವ ನನ್ನ ಅಣ್ಣಂದಿರಿಗೆ ಈ ಮಾತು ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಹಡಗಿನ ಆಫೀಸಿನಲ್ಲಿ ಕೆಲಸ ಎಂದುಕೊಂಡಿದ್ದಾರೆ. ಅವಳು ಹಡಗು ನಡೆಸುವವರಲ್ಲಿ ಒಬ್ಬಳು. ಅವಳು ಹುಟ್ಟಿ ಬೆಳೆದದ್ದು ವಿಶಾಖಪಟ್ಟಣದ ಗಾಜುವಾಕದಲ್ಲಿ. ಆಡಿದ್ದು, ಓದಿದ್ದು, ಜಗಳವಾಡಿದ್ದು ಎಲ್ಲ ತೆಲುಗಿನಲ್ಲಿ. ಕನ್ನಡ ನನ್ನ ಜೊತೆ, ಅವಳ ಅಪ್ಪನ ಜೊತೆ ಮಾತ್ರ. ನಾನು ಅಲ್ಲೇ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿದ್ದೇನೆ. ಸರ್ಕಾರಿ ಕಂಪನಿಯಲ್ಲಿ ಇಂಜಿನಿಯರ್ ಆಗಿರುವ ನನ್ನ ಗಂಡನಿಗೆ ವಿಜಯವಾಡಕ್ಕೆ ವರ್ಗವಾದ ಮೇಲೆ ಮೂವರೂ ಮೂರು ಕಡೆ ಆದೆವು. ಎರಡು ವಾರಕ್ಕೊಮ್ಮೆ ಶನಿವಾರ ರೈಲು ಹತ್ತಿ ನಾನೇ ಅವರ ಬಳಿ ಹೋಗುತ್ತಿದ್ದೆ.

ಮಗಳು ಸಮುದ್ರಕ್ಕೆ ಹೋದ ಹೊಸದರಲ್ಲಿ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಗಡಿಯಾರ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳ ತಾಯಂದಿರು ಒಂದು ಸಲ ಲೆಕ್ಕ ಕಲಿತರೆ ಮುಗಿಯಿತು. ಹಡಗು ನಿಲ್ಲುವುದಿಲ್ಲ. ಪೂರ್ವಕ್ಕೆ ಹೋಗುತ್ತಿದ್ದರೆ ಕೆಲವು ದಿನಕ್ಕೊಮ್ಮೆ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಪಶ್ಚಿಮಕ್ಕಾದರೆ ಹಿಂದಕ್ಕೆ. ನಿನ್ನೆಯ ಲೆಕ್ಕ ಇವತ್ತಿಗೆ ಹೊಂದುವುದಿಲ್ಲ. ಅವಳು ಊಟ ಮಾಡಿರಬಹುದು ಎಂದು ನಾನು ಅಂದುಕೊಂಡ ಹೊತ್ತಿಗೆ ಅವಳು ನಿದ್ದೆಯಲ್ಲಿರುತ್ತಿದ್ದಳು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ದಿನಕ್ಕೊಂದು ಸಣ್ಣ ಮೆಸೇಜು ಕಳಿಸಬೇಕು, ಅದರಲ್ಲಿ ಹಡಗಿನ ವಾರ ಮತ್ತು ಗಂಟೆ ಇರಬೇಕು. ಹಡಗಿನ ಇಂಟರ್‌ನೆಟ್ಟು ಮನಸ್ಸು ಬಂದಾಗ ಬರುತ್ತದೆ. ಕಳಿಸಿದ್ದು ಕೆಲವೊಮ್ಮೆ ಒಂದು ದಿನ ತಡವಾಗಿ ನನ್ನ ಫೋನಿಗೆ ಬೀಳುತ್ತಿತ್ತು. ಅದಕ್ಕೇ ಈ ಏರ್ಪಾಡು.

ಆ ಸಲ ಹಡಗು ಜಪಾನಿನಿಂದ ಪೆಸಿಫಿಕ್ ದಾಟಿ ದಕ್ಷಿಣ ಅಮೆರಿಕಕ್ಕೆ ಹೊರಟಿತ್ತು. ಬಂದರು ಬಿಡುವ ಮುಂಚೆ ಫೋನು ಮಾಡಿ ಅವಳು ಹೇಳಿದ್ದಳು: "ಅಮ್ಮಾ, ನಡುವಲ್ಲಿ ಒಂದು ಗೆರೆ ದಾಟ್ತೀವಿ. ಆಗ ಗಡಿಯಾರ ಹಾಗೇ ಇರುತ್ತೆ, ತಾರೀಖು ಮಾತ್ರ ಒಂದು ದಿನ ಹಿಂದಕ್ಕೆ ಹೋಗುತ್ತೆ. ಒಂದೇ ದಿನ ಎರಡು ಸಲ ಬರುತ್ತೆ. ನೀನು ಕನ್ಫ್ಯೂಸ್ ಆಗಬೇಡ."

"ಸಂಬಳ ಎರಡು ದಿನದ್ದು ಕೊಡ್ತಾರೇನೇ?" ಎಂದಿದ್ದೆ. ನಕ್ಕಿದ್ದಳು.

ಅದಾದ ಮೇಲಿನ ಒಂದು ಭಾನುವಾರ ನಾನು ವಿಜಯವಾಡದಲ್ಲಿದ್ದೆ. ಬೆಳಿಗ್ಗೆ ಬೇಗ ಎದ್ದು ಗಂಡ ಹೆಂಡತಿ ಇಬ್ಬರೂ ಇಂದ್ರಕೀಲಾದ್ರಿ ಬೆಟ್ಟಕ್ಕೆ ಅಮ್ಮನವರ ದರ್ಶನಕ್ಕೆ ಹೋದೆವು. ಫೋನುಗಳನ್ನು ಕೌಂಟರಿನಲ್ಲಿ ಕೊಟ್ಟು ಸಾಲಿನಲ್ಲಿ ನಿಂತೆವು. ದರ್ಶನ ಚೆನ್ನಾಗಿಯೇ ಆಯಿತು. ಹೊರಗೆ ಬಂದು ಫೋನು ತೆಗೆದುಕೊಂಡಾಗ ಒಂಬತ್ತು ದಾಟಿತ್ತು. ನನ್ನ ಗಂಡನ ಫೋನಿನಲ್ಲಿ ಗುರುತಿಲ್ಲದ ಮುಂಬೈ ನಂಬರಿನಿಂದ ನಾಲ್ಕಾರು ಸಲ ಕರೆ ಬಂದಿತ್ತು. ನನ್ನ ಫೋನಿನಲ್ಲಿ ಮಗಳ ಮೆಸೇಜು: ಚೆನ್ನಾಗಿದೀನಿ, ಶನಿವಾರ, ಮಧ್ಯಾಹ್ನ ಮೂರು.

ಅವರು ಆ ನಂಬರಿಗೆ ಮಾಡಿದರು. ಹಡಗಿನ ಕಂಪನಿಯ ಆಫೀಸು. ಮಾತಾಡುತ್ತಾ ಮಾತಾಡುತ್ತಾ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಹಿಂದೆ ಬರುತ್ತಿದ್ದವರು ಬೈದುಕೊಂಡು ಸುತ್ತಿ ಹೋದರು. ಫೋನು ಇಟ್ಟ ಮೇಲೆ ಅವರು ಹೇಳಿದ್ದು ಇಷ್ಟು. ಹಡಗಿನ ಇಂಜಿನ್ ಕೋಣೆಯಲ್ಲಿ ಬೆಂಕಿ. ಆರಿಸುವ ಕೆಲಸ ನಡೆದಿದೆ. ಕೆಲವರಿಗೆ ಪೆಟ್ಟಾಗಿದೆ, ಯಾರಿಗೆ ಎಂದು ಇನ್ನೂ ತಿಳಿದಿಲ್ಲ. ಬೆಂಕಿ ಬಿದ್ದದ್ದು ಯುಟಿಸಿ ಭಾನುವಾರ ಒಂದು ಗಂಟೆಗೆ. ಯುಟಿಸಿ ಎಂದರೆ ಜಗತ್ತಿನ ಹಡಗುಗಳು, ವಿಮಾನಗಳು ಎಲ್ಲ ಒಪ್ಪಿಕೊಂಡಿರುವ ಒಂದೇ ಸಮಯ. ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮದು.

"ಅಂದರೆ ಇವತ್ತು ಬೆಳಿಗ್ಗೆ ಆರೂವರೆ. ನಾವು ಕ್ಯೂನಲ್ಲಿದ್ವಿ" ಎಂದರು.

ನಾನು ನನ್ನ ಫೋನು ಮುಂದೆ ಹಿಡಿದೆ. "ನೋಡಿ, ಚೆನ್ನಾಗಿದೀನಿ ಅಂತ ಹಾಕಿದಾಳಲ್ಲ."

ಅವರು ಓದಿದರು. ನಂತರ ಜೇಬಿನಿಂದ ಪೆನ್ನು ತೆಗೆದು ಪ್ರಸಾದದ ಪೊಟ್ಟಣದ ಮೇಲೆ ಲೆಕ್ಕ ಮಾಡಲು ಶುರು ಮಾಡಿದರು.

"ಗೆರೆ ಹತ್ರ ಹಡಗಿನ ಗಡಿಯಾರ ನಮ್ಮದಕ್ಕಿಂತ ಆರೂವರೆ ಗಂಟೆ ಮುಂದೆ. ಗೆರೆ ದಾಟೋ ಮುಂಚಿನ ಶನಿವಾರ ಆದ್ರೆ, ಇದು ನಿನ್ನೆ ಬೆಳಿಗ್ಗೆ ಎಂಟೂವರೆದು. ಬೆಂಕಿಗಿಂತ ಒಂದು ದಿನ ಮೊದಲು. ದಾಟಿದ ಮೇಲಿನ ಶನಿವಾರ ಆದ್ರೆ, ಇವತ್ತು ಎಂಟೂವರೆದು. ಬೆಂಕಿ ಆದ ಮೇಲೆ."

"ಯಾವುದು ಮತ್ತೆ?"

"ಗೊತ್ತಾಗಲ್ಲ."

"ಇವತ್ತೇ ತಾನೇ ಬಂದಿರೋದು?"

"ಬಂದಿದ್ದು ಇವತ್ತು. ಕಳಿಸಿದ್ದು ಯಾವತ್ತೋ."

ಹಿಂದಿನ ಮೆಸೇಜು ತೆಗೆದು ನೋಡಿದೆ. ಶುಕ್ರವಾರದ್ದು. ಆಫೀಸಿಗೆ ಮತ್ತೆ ಕೇಳಿದೆವು. ಹಡಗು ಗೆರೆ ದಾಟಿ ಅರ್ಧ ದಿನವಾಗಿದೆ ಎಂದರು. ಹಾಗಾದರೆ ಎರಡು ಶನಿವಾರಗಳೂ ಆಗಿವೆ. ಅವಳ ಶನಿವಾರ ಯಾವುದೆಂದು ಅವರೂ ಹೇಳುವಂತಿರಲಿಲ್ಲ.

ಕೆಳಗಿಳಿದು ಕೃಷ್ಣೆಯ ದಡದಲ್ಲಿ ಒಂದು ಮರದ ನೆರಳಿಗೆ ಕೂತೆವು. ಮನೆಗೆ ಹೋಗೋಣ ಎಂದು ಇಬ್ಬರಿಗೂ ಅನ್ನಿಸಲಿಲ್ಲ. ಆಟೋದಲ್ಲಿ ಹೋಗುವಾಗ ಫೋನು ಬಂದು ಕೇಳಿಸದೆ ಹೋದರೆ ಎಂಬ ಹೆದರಿಕೆ. ಆ ನಾಲ್ಕು ಪದಗಳನ್ನು ಎಷ್ಟು ಸಲ ಓದಿದೆನೋ. ಬೆಂಕಿ ಆದ ಮೇಲೆ ಬರೆದಿದ್ದರೆ ಬೆಂಕಿಯ ಮಾತು ಇರುತ್ತಿತ್ತಲ್ಲ ಎಂದು ಒಂದು ಕ್ಷಣ. ನಾವು ಹೆದರಬಾರದು ಎಂದು ಬರೆದಿಲ್ಲ, ದಿನದ ಹಾಗೇ ಕಳಿಸಿದ್ದಾಳೆ ಎಂದು ಮರುಕ್ಷಣ. ನದಿಯಲ್ಲಿ ಜನ ಮುಳುಗಿ ಏಳುತ್ತಿದ್ದರು, ಹೆಂಗಸರು ಒದ್ದೆ ಸೀರೆಯಲ್ಲಿ ನಡುಗುತ್ತಾ ಅರಿಸಿನ ಹಚ್ಚಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಕಾರಣವಿಲ್ಲದೆ ಸಿಟ್ಟು ಬಂತು.

ಮಧ್ಯಾಹ್ನ ಬಿಸಿಲು ನಮ್ಮ ಕಾಲಿನವರೆಗೆ ಬಂದ ಮೇಲೆ ಫೋನು ಬಂತು. ಹಡಗಿನ ಸ್ಯಾಟಲೈಟ್ ಫೋನು. ಎಲ್ಲರಿಗೂ ಒಂದೊಂದು ನಿಮಿಷ ಕೊಟ್ಟಿದ್ದರಂತೆ.

"ಅಮ್ಮಾ, ನನಗೇನೂ ಆಗಿಲ್ಲ" ಎಂದಳು. ಗಂಟಲು ಹೊಗೆ ಕುಡಿದು ಒಡೆದಿತ್ತು. ನಾನು ಅಳುತ್ತಲೇ, "ಬೆಳಿಗ್ಗೆ ನಿನ್ನ ಮೆಸೇಜು ಬಂತು, ಅದನ್ನೇ ಹಿಡ್ಕೊಂಡು ಕೂತಿದ್ವಿ" ಎಂದೆ.

"ಅದು ಮೊದಲನೇ ಶನಿವಾರದ್ದಮ್ಮಾ. ಬೆಂಕಿ ಆದ ಮೇಲೆ ನಾನೇನೂ ಕಳಿಸೇ ಇಲ್ಲ."

ಮತ್ತೆ, "ಒಬ್ಬರು ಹೋದರು" ಎಂದಳು. ಲೈನು ಕಡಿದುಹೋಯಿತು.

ಹೋದವನು ಹಡಗಿನ ಕಿರಿಯ ಇಂಜಿನಿಯರ್, ಇಪ್ಪತ್ತೈದರ ಹುಡುಗ. ಮನೆ ನಮ್ಮ ವಿಶಾಖಪಟ್ಟಣದಲ್ಲೇ, ಪೆಂಡುರ್ತಿಯಲ್ಲಿ. ಇಡೀ ಹಡಗಿನಲ್ಲಿ ತೆಲುಗು ಆಡುವವರು ಇವರಿಬ್ಬರೇ ಆದ್ದರಿಂದ ಇವಳಿಗೆ ತಮ್ಮನಂತೆ ಇದ್ದ. ಮಗಳು ಮನೆಗೆ ಬಂದದ್ದು ಒಂದೂವರೆ ತಿಂಗಳ ನಂತರ. ಅವನೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಬಂದ, ಮೊಹರು ಮಾಡಿದ ಪೆಟ್ಟಿಗೆಯಲ್ಲಿ. ತೆರೆಯಬಾರದು ಎಂದು ಹೇಳಿದ್ದರಂತೆ. ಹಾಗೆಯೇ ದಹನ ಮಾಡಿದರು.

ಮನೆಯಲ್ಲಿ ಮಗಳು ಹೆಚ್ಚು ಮಾತಾಡುತ್ತಿರಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಎದ್ದುಬಿಡುತ್ತಿದ್ದಳು. ಗ್ಯಾಸ್ ಹಚ್ಚಿದರೆ ಅಡುಗೆಮನೆಯಿಂದ ಹೊರಗೆ ಹೋಗುತ್ತಿದ್ದಳು. ಅವಳ ಅಪ್ಪ ರಜೆ ಹಾಕಿ ಬಂದು ಎರಡು ವಾರ ಇದ್ದು ಹೋದರು. ಕೇಳಬೇಡ, ತಾನಾಗಿ ಹೇಳಲಿ ಎಂದು ನನಗೆ ಹೇಳಿದ್ದರು.

ಒಂದು ದಿನ ಪೆಂಡುರ್ತಿಯಿಂದ ಆ ಹುಡುಗನ ತಂದೆಯ ಫೋನು ಬಂತು. ಒಂದು ಸಲ ಬಂದು ಹೋಗಮ್ಮಾ ಎಂದು ಮಗಳನ್ನು ಬೇಡಿಕೊಂಡರು. ಅವರ ಹೆಂಡತಿ ಮಗ ಸತ್ತಿಲ್ಲ ಎನ್ನುತ್ತಿದ್ದಾರಂತೆ. ಫೋಟೋಗೆ ಹಾರ ಹಾಕಲು ಬಿಡುತ್ತಿಲ್ಲವಂತೆ. ಕಾರಣ ಇದು. ಹಡಗಿನಿಂದ ಬಂದ ಕಾಗದದಲ್ಲಿ ಮಗ ಶನಿವಾರ ಮಧ್ಯಾಹ್ನ ಎರಡೂವರೆಗೆ ತೀರಿಕೊಂಡ ಎಂದಿದೆ. ಆದರೆ ಅದೇ ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಅವನ ದನಿಯ ಮೆಸೇಜು ಅವರ ಫೋನಿಗೆ ಬಂದಿದೆ.

ಮರುದಿನ ಹೊರಟೆವು. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ನೋಡುತ್ತಾ, "ಹೇಳಬೇಕಾ ಅಮ್ಮಾ?" ಎಂದಳು.

ವಿಜಯವಾಡದಲ್ಲಿ ಆ ಬೆಳಿಗ್ಗೆ ಯಾರಾದರೂ ಬಂದು ನನ್ನ ಕೈಯಲ್ಲಿದ್ದ ಮೆಸೇಜು ಹಳೆಯದು ಎಂದಿದ್ದರೆ ನಾನು ಏನಾಗುತ್ತಿದ್ದೆ? "ಅವರು ಕೇಳಿದರೆ ಹೇಳು. ಕೇಳದಿದ್ದರೆ ಸುಮ್ನಿರು" ಎಂದೆ.

ಹೊಸ ಬಡಾವಣೆ, ಅರ್ಧ ಕಟ್ಟಿದ ಮನೆಗಳ ನಡುವೆ ಅವರದು. ಮೇಲಿನ ಅಂತಸ್ತಿಗೆ ಕಂಬ ಎಬ್ಬಿಸಿ ಬಿಟ್ಟಿದ್ದರು. ಆ ತಾಯಿ ನನಗಿಂತ ಚಿಕ್ಕವರು. ನಮ್ಮನ್ನು ಕೂರಿಸಿ ನೀರು ಕೊಟ್ಟು, ನಾವು ಏನೂ ಹೇಳುವ ಮುಂಚೆಯೇ ಫೋನು ತೆಗೆದು ಮಗನ ದನಿ ಕೇಳಿಸಿದರು. ಇಂಜಿನ್ನಿನ ಗುಂಯ್ ಸದ್ದಿನ ನಡುವೆ ನಗುವ ದನಿ: "ಅಮ್ಮಾ, ಆವಕಾಯ ಅಯಿಪೋಯಿಂದಿ." ಉಪ್ಪಿನಕಾಯಿ ಮುಗಿದುಹೋಯಿತಂತೆ, ಮುಂದಿನ ಸಲಕ್ಕೆ ಎರಡು ಡಬ್ಬಿ ಹಾಕಿಡಬೇಕಂತೆ.

"ಮಧ್ಯಾಹ್ನ ಸತ್ತವನು ಸಂಜೆ ಉಪ್ಪಿನಕಾಯಿ ಕೇಳ್ತಾನಾ? ಪೆಟ್ಟಿಗೆಯಲ್ಲಿ ಯಾರನ್ನು ಕಳಿಸಿದರೋ. ನೀನು ಅಲ್ಲೇ ಇದ್ದೆಯಲ್ಲಮ್ಮಾ, ನೀನೇ ಹೇಳು" ಎಂದು ತೆಲುಗಿನಲ್ಲಿ ಕೇಳಿದರು. ಕೇಳಿದ್ದು ಮೆಲ್ಲಗೆ. ವಾದ ಗೆದ್ದವರ ಒಂದು ಬಗೆಯ ಶಾಂತಿ ಆ ಮುಖದಲ್ಲಿತ್ತು. ಅವರ ಗಂಡ ಬಾಗಿಲ ಬಳಿ ನೆಲ ನೋಡುತ್ತಾ ನಿಂತಿದ್ದರು.

ಮಗಳು ಕುರ್ಚಿಯಿಂದ ಇಳಿದು ಅವರ ಕಾಲ ಬಳಿ ನೆಲದ ಮೇಲೆ ಕೂತಳು. ತೆಲುಗಿನಲ್ಲಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು. ಆ ವಾರ ಹಡಗಿನಲ್ಲಿ ಎರಡು ಶನಿವಾರ ಇದ್ದವು ಆಂಟೀ. ನಿಮ್ಮ ಶನಿವಾರ ಸಂಜೆ ಅವನು ಮಾತಾಡಿದಾಗ ನಮಗೆ ನಡುರಾತ್ರಿ, ಎರಡನೇ ಶನಿವಾರ ಆಗಷ್ಟೇ ಶುರುವಾಗಿತ್ತು. ಅವನು ಡ್ಯೂಟಿಗೆ ಇಳಿದ. ಬೆಂಕಿ ಬಿದ್ದದ್ದು ಆ ರಾತ್ರಿ ಕಳೆದು ಮಧ್ಯಾಹ್ನ. ಅದೂ ನಮಗೆ ಶನಿವಾರವೇ. ನಿಮಗೆ ಅಷ್ಟೊತ್ತಿಗೆ ಭಾನುವಾರ ಬೆಳಗಾಗಿತ್ತು.

"ಕಾಗದದಲ್ಲಿ ಎರಡೂವರೆ ಅಂತ ಇದೆ."

"ಆ ಹೊತ್ತನ್ನು ಬರೆದವಳು ನಾನೇ, ಆಂಟೀ. ಗಡಿಯಾರ ನೋಡಿ ಬರೆಯೋ ಕೆಲಸ ಕ್ಯಾಪ್ಟನ್ ನನಗೆ ಕೊಟ್ಟಿದ್ದರು. ಅವನನ್ನು ಮೇಲಕ್ಕೆ ತಂದಾಗ ನಾನು ನೋಡಿದೆ. ಅವನೇ."

ಆ ತಾಯಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಅಳುತ್ತಾರೆ ಎಂದು ನಾನು ಎದ್ದು ಹತ್ತಿರ ಹೋದೆ. ಅಳಲಿಲ್ಲ.

"ಇಲ್ಲಿ ಆಗ ಎಷ್ಟು ಗಂಟೆ?" ಎಂದರು.

ಮಗಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ.

"ಭಾನುವಾರ ಬೆಳಿಗ್ಗೆ ಎಂಟು."

"ಎಂಟು" ಎಂದು ಅವರು ಗಂಡನ ಕಡೆ ತಿರುಗಿದರು. "ಆವತ್ತು ಕಾಫಿ ಚೆನ್ನಾಗಿತ್ತು. ಹಾಲು ಚೆನ್ನಾಗಿ ಬಂದಿದೆ ಅಂತ ನಾನೇ ಅಂದೆ. ನೆನಪಿದೆಯಾ ನಿಮಗೆ?"

ಅವರು ಹೌದು ಎಂದರು. ಆಮೇಲೆ ಆಕೆ ಅತ್ತರು. ಆ ಅಳು ಹೇಗಿತ್ತೆಂದು ನನಗೆ ಬರೆಯಲು ಬರುವುದಿಲ್ಲ. ಪಕ್ಕದ ಮನೆಯವರು ಓಡಿ ಬಂದರು. ಮಗಳು ಆ ತಾಯಿಯ ಮೊಣಕಾಲಿಗೆ ಹಣೆ ಒತ್ತಿಕೊಂಡು ಕೂತೇ ಇದ್ದಳು. ಬಂದ ದಿನದಿಂದ ಅಳದೆ ಇದ್ದವಳು ಅಲ್ಲಿ ಅತ್ತಳು.

ವಾಪಸು ಬರುವಾಗ ಬಸ್ಸಿನಲ್ಲಿ, "ನಾನು ಮಾಡಿದ್ದು ಸರೀನಾ ಅಮ್ಮಾ?" ಎಂದು ಕೇಳಿದಳು. ಸರಿ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಅವಳ ಕೈ ಹಿಡಿದುಕೊಂಡೆ. ಆ ಮನೆಯಲ್ಲಿ ಅದೇ ವಾರ ಫೋಟೋಗೆ ಹಾರ ಹಾಕಿದರು ಎಂದು ಆಮೇಲೆ ತಿಳಿಯಿತು. ಒಂದು ಕೆಲಸ ಮುಗಿದಂತೆ ಎಲ್ಲರೂ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ, ಆಕೆಗೆ ಉಳಿದಿದ್ದ ಒಂದನ್ನು ನಾವು ಹೋಗಿ ಕಿತ್ತುಕೊಂಡು ಬಂದೆವು ಎಂಬ ಭಾವನೆ ಹೋಗಿಲ್ಲ.

ಮಗಳು ಏಳೆಂಟು ತಿಂಗಳು ಮನೆಯಲ್ಲಿದ್ದು ಮತ್ತೆ ಬೇರೆ ಹಡಗು ಹತ್ತಿದಳು. ಬೇಡ ಎಂದೆವು, ದಡದ ಮೇಲಿನ ಕೆಲಸ ನೋಡು ಎಂದೆವು. "ನನಗೆ ಬರೋ ಕೆಲಸ ಇದೇ ಅಪ್ಪಾ" ಎಂದಳು.

ಈಗ ಪೆಂಡುರ್ತಿಯ ಆ ತಾಯಿ ನನಗೆ ಫೋನು ಮಾಡುತ್ತಾರೆ, ಸಾಮಾನ್ಯವಾಗಿ ಸಂಜೆ. ವದಿನಾ, ಅಂದರೆ ಅತ್ತಿಗೆ, ಎಂದು ಒಬ್ಬರನ್ನೊಬ್ಬರು ಕರೆಯುತ್ತೇವೆ. ಮಗನ ಮಾತು ಎತ್ತುವುದಿಲ್ಲ. ಹಡಗು ಎಲ್ಲಿದೆ ಎಂದು ಕೇಳುತ್ತಾರೆ. ನನಗೆ ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಮೊನ್ನೆ ಹಡಗು ಆಫ್ರಿಕಾದ ಆಚೆ ಇತ್ತು.

"ಅಲ್ಲಿ ಈಗ ಹಗಲಾ?" ಎಂದರು.

"ಹಗಲು ವದಿನಾ. ಮಧ್ಯಾಹ್ನ."

"ಊಟದ ಹೊತ್ತು" ಎಂದರು. ಅವರ ಮನೆಯ ಹೊರಗೆ ತರಕಾರಿ ಗಾಡಿಯವನು ಕೂಗುವುದು ಕೇಳಿಸುತ್ತಿತ್ತು. ಬೆಂಡೆಕಾಯಿ ತಗೋಬೇಕು, ಇಡ್ತೀನಿ ಎಂದು ಅವರು ಫೋನು ಇಟ್ಟರು.