ಅಕ್ಕನ ದನಿಗೆ ಹುಡುಕಿದ ಶ್ರುತಿ

ನನ್ನ ಮನೆ ಸಿಂಧನೂರಿನಲ್ಲಿ, ನೌಕರಿ ಲಿಂಗಸುಗೂರಿನ ಕಚೇರಿಯೊಂದರಲ್ಲಿ. ಸಂಜೆಯ ಬಸ್ಸಿನಲ್ಲಿ ನಿಂತು ಮಸ್ಕಿ ತಲುಪುವಷ್ಟರಲ್ಲಿ ಕಾಲುಗಳು ಸೋತಿರುತ್ತವೆ. ಆದರೂ ಕಳೆದ ವರ್ಷ ಎಷ್ಟೋ ತಿಂಗಳು ಅಲ್ಲಿಯೇ ಇಳಿಯುತ್ತಿದ್ದೆ. ಮಸ್ಕಿಯಲ್ಲಿ ನನ್ನ ಅಕ್ಕನ ಮನೆ. ಅವಳ ಗಂಟಲಿನ ಗಂಟನ್ನು ಆಪರೇಷನ್ ಮಾಡಿ ತೆಗೆದಿದ್ದರು.

ಅಕ್ಕ ಹಾಡುವವಳು. ಸೋಮವಾರ ಮಠದ ಭಜನೆಯಲ್ಲಿ ಅವಳು ಪದ ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು. ದನಿ ಬದಲಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗಾಯ ಮಾಯಿತು, ಮಾತೂ ಬಂತು. ಹಾಡಲು ಹೋದರೆ ಮಾತ್ರ ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಭಜನೆಗೆ ಹಾರ್ಮೋನಿಯಂ ನುಡಿಸುವ ಮಾಸ್ತರರು ಮನೆಗೆ ಬಂದು, "ತಂಗಿ, ಶ್ರುತಿ ಎಷ್ಟು ಕೆಳಗ ಬೇಕು ಹೇಳು, ಹಿಡಿದುಕೊಡ್ತೀನಿ" ಅಂದರು.

"ನನ್ನ ದನಿ ಎಲ್ಲಿ ಹೋಗಿ ಕುಂತೈತೋ ನನಗ ತಿಳಿವಲ್ದ್ರೀ" ಅಂದಳು ಅಕ್ಕ. ಮಠಕ್ಕೆ ಹೋಗುವುದನ್ನೇ ಬಿಟ್ಟಳು.

ನನಗೆ ಸಂಗೀತ ಬಾರದು, ಮೊಬೈಲು ಒತ್ತಲು ಬರುತ್ತದೆ. ತಂಬೂರಿ ನುಡಿಸುವ ಆ್ಯಪ್ ಒಂದನ್ನು ಹಾಕಿಕೊಂಡೆ. ಶ್ರುತಿಯನ್ನು ಕೆಳಗೆ ಇಳಿಸಿದಂತೆಲ್ಲ ಮೊಬೈಲಿನ ಸಣ್ಣ ಸ್ಪೀಕರಿಗೆ ಅದು ಎಟುಕುತ್ತಿರಲಿಲ್ಲ.

"ಇದೇನಲೇ, ಸೊಳ್ಳಿ ಗುಂಯ್ ಅಂದಂಗ ಅನ್ನಾಕತ್ತೈತಿ" ಅಂದಳು ಅಕ್ಕ. ನಡುವೆ ಜಾಹೀರಾತು ಬರುತ್ತಿತ್ತು, ಕಚೇರಿಯಿಂದ ಫೋನ್ ಬರುತ್ತಿತ್ತು. ಹಾಡಿದ ಸ್ವರ ಯಾವುದೆಂದು ಮುಳ್ಳಿನಿಂದ ತೋರಿಸುವ ಇನ್ನೊಂದು ಆ್ಯಪ್ ತಂದೆ. ಅವಳು ಬಾಯಿ ತೆರೆದರೆ ಮುಳ್ಳು ಆ ಕಡೆ ಈ ಕಡೆ ನಡುಗಿತು. "ನನ್ನ ತಪ್ಪು ತೋರಸಾಕ ಇದನ್ನ ತಂದೀಯೇನು? ತಗಿ ಅತ್ಲಾಗ" ಎಂದು ಮುಖ ತಿರುಗಿಸಿದಳು. ತಲೆನೋವು ಹಿಡಿದುಕೊಂಡು ಮುಂದಿನ ಬಸ್ಸಿಗೆ ಓಡಿದೆ. ಮನೆಯಲ್ಲಿ ಹೆಂಡತಿ, "ದಿನಾ ಮಸ್ಕಿಯಾಗ ಇಳಿಯೋದಾದ್ರ ಅಲ್ಲೇ ಇದ್ದುಬಿಡ್ರಿ" ಅಂದಳು. ನಾನು ಕೈಕಾಲು ತೊಳೆದು ಊಟಕ್ಕೆ ಕೂತೆ.

ಒಂದು ಭಾನುವಾರ ಮಧ್ಯಾಹ್ನ ಮಾವ, ಅಂದರೆ ಅಕ್ಕನ ಗಂಡ, ಅಟ್ಟದಿಂದ ಒಂದು ಚೀಲ ಇಳಿಸಿದರು. ಅದರಲ್ಲಿ ಹಳೆಯ ಬಟನ್ ಫೋನು, ಭತ್ತದ ಗದ್ದೆಗೆ ಹೋಗುವಾಗ ಅವರು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಮೆಮೊರಿ ಕಾರ್ಡಿನ ರೇಡಿಯೋ, ಅಂಗೈಯಗಲದ ಒಂದು ಟೇಪ್ ರೆಕಾರ್ಡರ್ ಇದ್ದವು. ಟೇಪಿನೊಳಗೆ ಕ್ಯಾಸೆಟ್ಟೂ ಇತ್ತು. ಹೊಸ ಸೆಲ್ಲಿರಲಿಲ್ಲ, ಟಾರ್ಚಿನಿಂದ ತೆಗೆದು ಹಾಕಿದೆವು. ಹಿಂದೊಮ್ಮೆ ಮಠದಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಅಕ್ಕನದೇ ಹಾಡು. ಸೆಲ್ಲಿನಲ್ಲಿ ಕಸುವಿಲ್ಲದೆ ಟೇಪು ನಿಧಾನ ತಿರುಗಿತು. ಹಾಡು ಎಳೆದೆಳೆದು, ದಪ್ಪಗೆ, ತೀರ ಕೆಳಗೆ ಕೇಳಿಸಿತು.

"ಗಂಡಸು ಹಾಡಿದಂಗ ಆತಲ್ಲ!" ಎಂದು ಮಾವ ನಕ್ಕರು. ನಾನು ನಿಲ್ಲಿಸಲು ಕೈ ಚಾಚಿದೆ. ಅಕ್ಕ ಕೈ ಹಿಡಿದಳು.

"ತಡಿ ತಮ್ಮಾ. ಇರ್ಲಿ."

ಕಣ್ಣು ಮುಚ್ಚಿ ಅದರ ಜೊತೆಗೇ ಹಾಡಿದಳು. ಮೊದಲು ಗುನುಗಿದಂತೆ, ಆಮೇಲೆ ಬಾಯಿಬಿಟ್ಟು. ದನಿ ಒಡೆಯಲಿಲ್ಲ. ಒರಟಾಗಿತ್ತು, ಆದರೆ ಇತ್ತು. ನಾನು ಸದ್ದಿಲ್ಲದೆ ಮುಳ್ಳಿನ ಆ್ಯಪ್ ತೆರೆದು, ಅವಳಿಗೆ ಕಾಣದಂತೆ ಮೊಬೈಲನ್ನು ಹತ್ತಿರ ಹಿಡಿದೆ. ಪದ ಬಂದು ನಿಲ್ಲುವ ಸ್ವರಕ್ಕೆ ಮುಳ್ಳು ಈ ಸಲ ನಡುಗದೆ ನಿಂತಿತು. ಪದ ಮುಗಿಯುವ ಮೊದಲೇ ಸೆಲ್ಲು ಪೂರ್ತಿ ಸತ್ತು ಟೇಪು ನಿಂತಿತು. ಅಕ್ಕ ನಿಲ್ಲಲಿಲ್ಲ, ಉಳಿದ ಸಾಲುಗಳನ್ನು ಒಬ್ಬಳೇ ಹಾಡಿ ಮುಗಿಸಿದಳು. ಮಾವನ ನಗು ಯಾವಾಗ ನಿಂತಿತ್ತೋ ನಾನು ನೋಡಿರಲಿಲ್ಲ. ಅವರು ಗೋಡೆಯ ಕಡೆ ಮುಖ ಮಾಡಿದ್ದರು.

ಮುಂದಿನದು ನನ್ನ ದುಡಿಮೆ. ಮುಳ್ಳು ತೋರಿಸಿದ ಜಾಗಕ್ಕೆ ತಂಬೂರಿ ಆ್ಯಪಿನ ಶ್ರುತಿ ಹೊಂದಿಸಿ, ಅದನ್ನು ರೆಕಾರ್ಡ್ ಮಾಡಿ, ಮೆಮೊರಿ ಕಾರ್ಡಿಗೆ ಹಾಕಬೇಕಿತ್ತು. ರೇಡಿಯೋ ಕಾರ್ಡನ್ನು ಒಮ್ಮೆ ಓದಿದರೆ ಒಮ್ಮೆ ಇಲ್ಲ. ಕಚೇರಿ ಮುಗಿಸಿ ಬಂದು, ಕಣ್ಣುರಿಯ ನಡುವೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದೆ. ಕೊನೆಗೆ ಮಾವನ ರೇಡಿಯೋದ ದೊಡ್ಡ ಸ್ಪೀಕರಿನಿಂದ ಗಟ್ಟಿಯಾದ, ತುಂಬಿದ ನಾದ ಹೊರಟಿತು. ಜಾಹೀರಾತಿಲ್ಲ, ಫೋನಿಲ್ಲ.

ಅದಾದ ಮೇಲಿನ ಸೋಮವಾರ ಅಕ್ಕನನ್ನು ಮಠಕ್ಕೆ ಕರೆದುಕೊಂಡು ಹೋದೆವು. ಮಾಸ್ತರರು ರೇಡಿಯೋಕ್ಕೆ ಕಿವಿ ಕೊಟ್ಟು ಹಾರ್ಮೋನಿಯಮ್ಮಿನ ಒಂದು ಸ್ವರದ ಮನೆ ಒತ್ತಿದರು, ಪಕ್ಕದ್ದನ್ನು ಒತ್ತಿದರು. ರೇಡಿಯೋದ ಶ್ರುತಿ ಎರಡಕ್ಕೂ ಸೇರದೆ ನಡುವೆ ಕೂತಿತ್ತು. ಅವರು ಪೆಟ್ಟಿಗೆಯ ಗಾಳಿ ತಿದಿ ಮುಚ್ಚಿ, "ಇವತ್ತು ನಿನ್ನ ರೇಡಿಯೋನೇ ನುಡೀಲಿ ತಂಗಿ" ಅಂದರು.

ಅಕ್ಕ ಒಂದು ಪದ ಪೂರ್ತಿ ಹಾಡಿದಳು. ಅಷ್ಟು ಕೆಳಗಿನ ದನಿಯನ್ನು ಹೆಂಗಸರು ಹಿಡಿಯಲಾಗದೆ ತಡವರಿಸಿದರು, ಗಂಡಸರೇ ಎತ್ತಿಕೊಂಡರು. ಎರಡನೆಯ ಪದದ ನಡುವೆ ಕೆಮ್ಮು ಬಂತು. ಪಕ್ಕದಲ್ಲಿದ್ದ ಹೆಂಗಸಿನ ತೊಡೆ ತಟ್ಟಿ, "ನೀ ಹಾಡವಾ" ಎಂದು ಸನ್ನೆ ಮಾಡಿದಳು. ರೇಡಿಯೋವನ್ನು ತಾನೇ ಆರಿಸಿದಳು. ಮಾಸ್ತರರು ಮತ್ತೆ ತಿದಿ ಬಿಚ್ಚಿದರು, ಭಜನೆ ಮೊದಲಿನ ಎತ್ತರಕ್ಕೆ ಹೋಯಿತು. ಅಕ್ಕ ತಾಳ ಹಾಕುತ್ತ ಕೂತಳು.

ಬರುವಾಗ ಕೇಳಿದೆ, "ಬ್ಯಾಸರಾತೇನಕ್ಕಾ?"

"ಆತು" ಅಂದಳು. "ಮೊದಲಿನಂಗ ಆಗೂದಿಲ್ಲಂತ ಗೊತ್ತೈತಿ ನನಗ. ಆದ್ರ ಮನಿಯಾಗ ಬಾಯಿ ಮುಚಗೊಂಡು ಕುಂತ ಬ್ಯಾಸರ ಇದಕ್ಕಿಂತ ದೊಡ್ಡದಿತ್ತು."

ಈಗಲೂ ಅವಳು ಸೋಮವಾರಕ್ಕೊಂದೇ ಪದ ಹಾಡುತ್ತಾಳೆ, ಅದೂ ಮೈ ಸರಿಯಿದ್ದರೆ. ಹೆಂಗಸರಲ್ಲಿ ಇಬ್ಬರು ಆ ಕೆಳಗಿನ ದನಿಗೆ ಹೊಂದಿಕೊಳ್ಳುವುದನ್ನು ಕಲಿತಿದ್ದಾರೆ.