ದುಖಾನ್ ದಾರಿಯಲ್ಲಿ ತುಂಬಿದ ಕ್ಯಾಸೆಟ್

ನಾನು ಗಲ್ಫಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದೆ. ಊರಲ್ಲಿ ಹೆಂಡತಿ ತೀರಿ ನಾಲ್ಕು ತಿಂಗಳಾಗಿತ್ತು. ಕಾಗದದ ಬದಲು ಮಗಳು ಕಳಿಸಿದ್ದ ಕ್ಯಾಸೆಟ್ಟನ್ನು ದುಖಾನ್ ಪಟ್ಟಣಕ್ಕೆ ಬಾಡಿಗೆ ಹೋಗುವಾಗ ಕಾರಲ್ಲೇ ಹಾಕಿದೆ. "ಅಬ್ಬಾ, ದೊಡ್ಡಪ್ಪ ಗೊತ್ತು ಮಾಡಿದ ಮದುವೆ ಬೇಡ. ಹತ್ತನೇ ಕ್ಲಾಸು ಮುಗಿಸ್ತೇನೆ," ಅಂತ ಅತ್ತಳು.

ಹಿಂದಿನ ಸೀಟಲ್ಲಿ ಸುಡಾನಿನ ವಕೀಲಮ್ಮ ಇದ್ದರು. ಹೆಂಗಸರ ಪರ ಕೇಸು ನಡೆಸುವವರು, ತಮ್ಮನ ಮನೆಗೆ ಹೊರಟಿದ್ದರು. ಯಾಕೆ ಅಳು ಅಂತ ಕೇಳಿದರು. ನನಗೆ ಬರುವ ಅರಬಿಯಲ್ಲಿ ಹೇಳಿದೆ.

"ತಾಯಿಯಿಲ್ಲದ ಹುಡುಗಿ. ಮದುವೆಯಾದರೆ ನೆಮ್ಮದಿ."

"ಯಾರಿಗೆ?"

ನಾನು ಕ್ಯಾಸೆಟ್ ಹೊರಗೆ ತೆಗೆದೆ.

"ನನ್ನಪ್ಪನೂ ಹೀಗೇ ಅಂದಿದ್ದ. ಆಮೇಲೆ ಮನಸ್ಸು ಬದಲಿಸಿ ಸ್ಕೂಲಿಗೆ ಕಳಿಸಿದ. ಅದಕ್ಕೇ ನಾನು ವಕೀಲೆ," ಅಂದರು. ಸಾಕ್ಷಿಗಳ ಮಾತು ತುಂಬಿಸಿಕೊಳ್ಳುವ ಟೇಪ್ ರೆಕಾರ್ಡರಿಗೆ ಅದೇ ಕ್ಯಾಸೆಟ್ ತಿರುಗಿಸಿ ಹಾಕಿ, ನನ್ನ ಮುಂದೆ ಹಿಡಿದರು. "ಯಲ್ಲಾ, ಬೇಗ, ಮಗಳಿಗೆ ಹೇಳು!"

ಕಾರು ನಿಲ್ಲಿಸಿ, "ಓದು ಮಗಳೇ," ಅಂದೆ. ವಕೀಲಮ್ಮ ಜೋರಾಗಿ ನಕ್ಕರು.

ಕ್ಯಾಸೆಟ್ ಊರಿಗೆ ಕಳಿಸಿದೆ. ಮಗಳು ಓದಿದಳು. ಮದುವೆ ಗೊತ್ತು ಮಾಡಿದ್ದ ನನ್ನ ಅಣ್ಣ ಮಾತ್ರ ಇವತ್ತಿಗೂ ಕೇಳುತ್ತಾನೆ, ಟೇಪಲ್ಲಿ ನಗುವ ಹೆಂಗಸು ಯಾರೋ ಅಂತ.